ಒಂದು ಅಗ್ಗದ ಮೀಟರಿನ ಹಿಂದಿರುವ ಎರಡು ಶತಮಾನ



ಈ ಸಲ ಬರೆಯಹೊರಟಿರುವುದು ಒಂದು ಅಳತೆಯ ಚರಿತ್ರೆಯನ್ನು. ಚರಿತ್ರೆ ಎಂದೊಡನೆ ಸಮಾಜ ವಿಜ್ಞಾನದ ಮೇಷ್ಟರ ಗಡಿಯೊಳಗೆ ಕಾಲಿಟ್ಟೆನೆಂದು ಯಾರೂ ಭಾವಿಸಬಾರದು. ನಾನು ಮೂವತ್ತೊಂದು ವರ್ಷ ಹೇಳಿಕೊಟ್ಟದ್ದು ಭೌತಶಾಸ್ತ್ರ ಮತ್ತು ಗಣಿತವನ್ನೇ. ಆದರೆ ವೋಲ್ಟ್ ಎಂಬ ಮಾತಿಗೂ ಒಂದು ಚರಿತ್ರೆಯಿದೆ. ಅದನ್ನು ನಾನು ಮತ್ತೊಮ್ಮೆ ಓದಬೇಕಾಗಿ ಬಂದುದು ನನ್ನದೇ ಒಂದು ತಪ್ಪಿನಿಂದ. ಆ ತಪ್ಪಿನ ಪ್ರಸಂಗವನ್ನು ಮೊದಲು ಹೇಳಿ ಮುಗಿಸುತ್ತೇನೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಮ್ಮ ಬಡಾವಣೆಗೆ ಹೂವಿನ ವರ್ತನೆ ಹಾಕುತ್ತಾನೆ. ಹೆಸರು ಬೇಡ; ಅವನೊಡನೆ ಓದಿದವರಿಗೆ ಇಷ್ಟರಲ್ಲಿಯೇ ತಿಳಿದಿರುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮಾರುಕಟ್ಟೆಗೆ ಹೋಗಿ, ಸೇವಂತಿಗೆ, ಕನಕಾಂಬರ, ಮಲ್ಲಿಗೆಗಳನ್ನು ತಂದು, ಮಾರು ಲೆಕ್ಕದಲ್ಲಿ ಅಳೆದು, ಏಳು ಗಂಟೆಯೊಳಗೆ ಮನೆಮನೆಯ ಬಾಗಿಲಿಗೆ ತಗುಲಿಹಾಕಿ ಹೋಗುವ ಕೆಲಸ. ಪೆಟ್ರೋಲಿನ ಖರ್ಚು ತಾಳದೆ ಅವನು ಒಂದು ಬ್ಯಾಟರಿ ಗಾಡಿಯನ್ನು ಕೊಂಡಿದ್ದ. ಗಂಟೆಗೆ 25 ಕಿಲೋಮೀಟರ್ ಮೀರದ, ಪರವಾನಗಿ, ನೋಂದಣಿ ಯಾವುದೂ ಬೇಡದ ಜಾತಿಯದು. ಅದರ ಹೊಟ್ಟೆಯಲ್ಲಿ ತಲಾ 12 ವೋಲ್ಟಿನ ನಾಲ್ಕು ಸೀಸ-ಆಮ್ಲ ಬ್ಯಾಟರಿಗಳು ಒಂದರ ಬಾಲಕ್ಕೆ ಒಂದರಂತೆ ಸರಣಿಯಲ್ಲಿ ಜೋಡಣೆಗೊಂಡು 48 ವೋಲ್ಟ್ ಕೊಡುತ್ತವೆ. ಮೊದಮೊದಲು ಒಮ್ಮೆ ಚಾರ್ಜ್ ಮಾಡಿದರೆ ನಲವತ್ತು ಕಿಲೋಮೀಟರ್ ಓಡುತ್ತಿದ್ದ ಗಾಡಿ, ಎರಡು ವರ್ಷ ಕಳೆಯುವಷ್ಟರಲ್ಲಿ ಹತ್ತು ಹನ್ನೆರಡಕ್ಕೆ ಏದುಸಿರು ಬಿಡತೊಡಗಿತು. ಅಂಗಡಿಯವರು ನೋಡಿ, ನಾಲ್ಕೂ ಬ್ಯಾಟರಿ ಹೊಸದು ಹಾಕಿಸಬೇಕು ಎಂದರು. ಅವರು ಹೇಳಿದ ಮೊತ್ತ ಅವನ ಮಗಳ ಕಾಲೇಜಿನ ಆ ವರ್ಷದ ಶುಲ್ಕಕ್ಕೆ ಹೆಚ್ಚುಕಡಿಮೆ ಸಮ.

"ಸಾರ್, ನೀವೊಂದು ಸಲ ನೋಡಿ ಹೇಳಿ. ನಾಲ್ಕೂ ಹೋಗಿದೆಯಾ?" ಎಂದು ಗಾಡಿಯನ್ನು ಗೇಟಿನ ಬಳಿ ನಿಲ್ಲಿಸಿದ.

ನನ್ನಲ್ಲೊಂದು ಹಳದಿ ಬಣ್ಣದ ಮಲ್ಟಿಮೀಟರ್ ಇದೆ. ಇನ್ನೂರೈವತ್ತು ರೂಪಾಯಿಯದು. ನಡುವೆ ಒಂದು ತಿರುಗಣೆ, ಕೆಳಗೆ ಮೂರು ತೂತುಗಳು, ಕೆಂಪೊಂದು ಕಪ್ಪೊಂದು ತಂತಿ. ನೇರ ಪ್ರವಾಹದ 200 ವೋಲ್ಟಿನ ಸ್ಥಾನಕ್ಕೆ ತಿರುಗಿಸಿ ನಾಲ್ಕಕ್ಕೂ ಸೇರಿಸಿ ನೋಡಿದೆ: 50.7. ಅನಂತರ 20 ವೋಲ್ಟಿನ ಸ್ಥಾನಕ್ಕೆ ತಂದು ಒಂದೊಂದನ್ನೂ ಬೇರೆಬೇರೆಯಾಗಿ ನೋಡಿದೆ: 12.71, 12.69, 12.64, 12.72. ಸೀಸ-ಆಮ್ಲ ಬ್ಯಾಟರಿಯೊಂದು ಚೆನ್ನಾಗಿ ತುಂಬಿಕೊಂಡು ಕೆಲವು ಗಂಟೆ ವಿಶ್ರಮಿಸಿದ ಮೇಲೆ ಇರಬೇಕಾದದ್ದು ಇಷ್ಟೇ. ಮೂರನೆಯದು ಒಂದಿಷ್ಟು ಕಡಿಮೆ ಇತ್ತಲ್ಲ, ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಇಂಥ ಮೀಟರುಗಳ ಕಾಗದದಲ್ಲಿಯೇ ನೂರಕ್ಕೆ ಅರ್ಧದಷ್ಟು, ಮೇಲೆ ಕೊನೆಯ ಅಂಕಿಯಲ್ಲಿ ಎರಡರಷ್ಟು ತಪ್ಪಬಹುದೆಂದು ಬರೆದಿರುತ್ತದೆ. ಅಂದರೆ ಸುಮಾರು 0.08 ವೋಲ್ಟ್ ಆಚೀಚೆ. ಆ ವ್ಯತ್ಯಾಸ ಮೀಟರಿನದೇ ಇರಬೇಕೆಂದು ತೀರ್ಮಾನಿಸಿ, "ಬ್ಯಾಟರಿ ಸರಿಯಾಗಿಯೇ ಇದೆ ಕಣೋ. ತೊಂದರೆ ಮೋಟಾರಿನಲ್ಲೋ ಕಂಟ್ರೋಲರಿನಲ್ಲೋ ಇರಬೇಕು, ಹಬ್ಬ ಮುಗಿದ ಮೇಲೆ ತೋರಿಸು" ಎಂದು ಹೇಳಿ ಕಳುಹಿಸಿದೆ. ಮೇಷ್ಟರು ಹೇಳಿದ ಮೇಲೆ ಮುಗಿಯಿತು. ಅವನು ನಂಬಿ ಹೋದ.

ಹಬ್ಬವೆಂದರೆ ವರಮಹಾಲಕ್ಷ್ಮಿ. ಹೂವಿನವರಿಗೆ ವರ್ಷದ ದುಡಿಮೆಯ ದೊಡ್ಡ ದಿನ. ಅಂದು ಬೆಳಿಗ್ಗೆ ಎರಡು ಬುಟ್ಟಿಯ ಜಾಗದಲ್ಲಿ ನಾಲ್ಕು ಬುಟ್ಟಿ ಹೇರಿಕೊಂಡು ಬರುತ್ತಿದ್ದವನ ಗಾಡಿ ಕೆರೆಯ ಏರಿ ಹತ್ತುವ ದಿಣ್ಣೆಯಲ್ಲಿ ನಿಂತೇಬಿಟ್ಟಿತು. ಸ್ವಲ್ಪ ಹೊತ್ತು ಬಿಟ್ಟರೆ ನೂರು ಗಜ ಓಡುವುದು, ಮತ್ತೆ ನಿಲ್ಲುವುದು. ಎರಡು ಕಿಲೋಮೀಟರ್ ತಳ್ಳಿಕೊಂಡು ಬಂದು ಬಡಾವಣೆ ಮುಟ್ಟುವಷ್ಟರಲ್ಲಿ ಒಂಬತ್ತೂವರೆ. ಅರ್ಧಕ್ಕಿಂತ ಹೆಚ್ಚು ಮನೆಯವರು ಬೇರೆ ಕಡೆ ಹೂವು ಕೊಂಡಾಗಿತ್ತು. ಉಳಿದ ಮಲ್ಲಿಗೆ ಬಾಡಿತು. ನಮ್ಮ ಮನೆಗೆ ಬಂದು ಹೂವು ಕೊಟ್ಟು, ನಡೆದುದನ್ನು ಮಾತ್ರ ಹೇಳಿದ. "ನೀವು ಹೇಳಿದ್ದಿರಲ್ಲ ಸಾರ್" ಎಂಬ ಒಂದು ಮಾತೂ ಅವನ ಬಾಯಿಂದ ಬರಲಿಲ್ಲ. ನನಗೆ ಹೆಚ್ಚು ನೋವಾದದ್ದು ಅದರಿಂದಲೇ.

ಆ ರಾತ್ರಿ ಹಳೆಯ ಪುಸ್ತಕಗಳನ್ನು ತೆಗೆದು ಕುಳಿತೆ. ತಪ್ಪು ಎಲ್ಲಿ ಎಂಬುದು ಹಾಸಿಗೆಯಲ್ಲಿ ಹೊರಳುವಾಗಲೇ ಹೊಳೆದಿತ್ತು. ಹತ್ತನೆಯ ತರಗತಿಗೆ ಪ್ರತಿವರ್ಷ ಕಪ್ಪುಹಲಗೆಯ ಮೇಲೆ ಬರೆದ 'ಆಂತರಿಕ ರೋಧ' ಎಂಬ ಎರಡು ಪದಗಳನ್ನು ನಾನು ಗೇಟಿನ ಬಳಿ ಮರೆತಿದ್ದೆ. ಆದರೂ ಆ ಪಾಠ ಮನುಷ್ಯನಿಗೆ ಹೇಗೆ ಸಿಕ್ಕಿತು ಎಂಬುದನ್ನು ಒಮ್ಮೆ ಮೊದಲಿನಿಂದ ನೋಡಬೇಕೆನಿಸಿತು.

ಬ್ಯಾಟರಿಯ ವೋಲ್ಟೇಜನ್ನು ಅಳೆಯಲು ಮನುಷ್ಯ ಬಳಸಿದ ಮೊದಮೊದಲ ಉಪಕರಣಗಳಲ್ಲಿ ಒಂದು ಅವನ ನಾಲಿಗೆ. ನಗಬೇಡಿ. ಇಟಲಿಯ ಬೊಲೋನ್ಯಾದ ಲುಯಿಜಿ ಗ್ಯಾಲ್ವನಿ ಸತ್ತ ಕಪ್ಪೆಯ ಕಾಲು ಎರಡು ಲೋಹಗಳ ಸ್ಪರ್ಶದಿಂದ ಸೆಟೆಯುವುದನ್ನು ಕಂಡು 1791ರಲ್ಲಿ ಪ್ರಕಟಿಸಿದನಷ್ಟೆ. ಅದು ಪ್ರಾಣಿಯ ಒಳಗಿನ ವಿದ್ಯುತ್ತೆಂದು ಅವನ ವಾದ. ಪಾವಿಯಾ ವಿಶ್ವವಿದ್ಯಾಲಯದ ಅಲೆಸ್ಸಾಂಡ್ರೊ ವೋಲ್ಟಾ ಇದನ್ನು ಒಪ್ಪಲಿಲ್ಲ. ವಿದ್ಯುತ್ತು ಹುಟ್ಟುವುದು ಭಿನ್ನ ಲೋಹಗಳ ಸಂಪರ್ಕದಿಂದ, ಕಪ್ಪೆ ಕೇವಲ ಅದನ್ನು ತೋರಿಸುವ ಸಾಧನ ಎಂದ. ಕಪ್ಪೆಯ ಬದಲು ತನ್ನ ನಾಲಿಗೆಯನ್ನೇ ಎರಡು ಲೋಹಗಳ ನಡುವೆ ಇಟ್ಟುಕೊಂಡು ಹುಳಿ ಹುಳಿಯಾದ ರುಚಿಯನ್ನು ಗುರುತಿಸಿದ. ಮುಂದೆ ಸತು ಮತ್ತು ಬೆಳ್ಳಿಯ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ತೊಯ್ದ ರಟ್ಟುಗಳನ್ನಿಟ್ಟು ಒಂದರ ಮೇಲೊಂದು ಪೇರಿಸಿ, 1800ರ ಮಾರ್ಚ್ 20ರ ದಿನಾಂಕದ ಪತ್ರದಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್ ಅವರಿಗೆ ಆ ಪೇರಿಕೆಯ ವಿವರವನ್ನು ಬರೆದ. ಬಿಲ್ಲೆಗಳು ಹೆಚ್ಚಿದಷ್ಟೂ ಕೈಗೆ ಹೊಡೆಯುವ ಆಘಾತ ಹೆಚ್ಚು. ಆ ಗಾಡಿಯಲ್ಲಿ ನಾಲ್ಕು ಬ್ಯಾಟರಿಗಳು ಸರಣಿಯಲ್ಲಿ ನಿಂತಿರುವುದೂ ವೋಲ್ಟಾನ ಈ ಪೇರಿಕೆಯ ಲೆಕ್ಕದಲ್ಲಿಯೇ.

ನಾಲಿಗೆಯ ಪರೀಕ್ಷೆ ನಮ್ಮ ಕಾಲದವರಿಗೆ ಹೊಸದೇನಲ್ಲ. ನಮ್ಮೂರಿನ ರೇಡಿಯೋ ರಿಪೇರಿಯವರು ಟ್ರಾನ್ಸಿಸ್ಟರಿನ ಚೌಕನೆಯ 9 ವೋಲ್ಟಿನ ಬ್ಯಾಟರಿಯ ಎರಡು ಗುಂಡಿಗಳನ್ನು ನಾಲಿಗೆಗೆ ತಾಗಿಸಿ, ಕಣ್ಣು ಕಿರಿದು ಮಾಡಿ, "ಇನ್ನೂ ಒಂದು ವಾರ ಬರುತ್ತದೆ" ಎಂದು ಭವಿಷ್ಯ ನುಡಿಯುತ್ತಿದ್ದರು. ಆ ನಾಲಿಗೆ ನನ್ನ ಮೀಟರಿಗಿಂತ ಒಂದು ವಿಷಯದಲ್ಲಿ ಮೇಲು ಎಂಬುದು ಈಗ ಹೊಳೆಯುತ್ತದೆ. ಅದನ್ನು ಮುಂದೆ ಹೇಳುತ್ತೇನೆ. (ಗಾಡಿಯ ಬ್ಯಾಟರಿಗೆ ಯಾರೂ ಈ ಪರೀಕ್ಷೆ ಮಾಡಲು ಹೋಗಬೇಡಿ!)

ರುಚಿಯಿಂದ ಅಂಕಿಗೆ ಬರಲು ಒಂದು ಸೂಜಿ ಬೇಕಾಯಿತು. 1820ರಲ್ಲಿ ಕೋಪನ್‌ಹೇಗನ್ನಿನ ಅರ್ಸ್ಟೆಡ್ ವಿದ್ಯುತ್ತು ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಓಲುವುದನ್ನು ಕಂಡ. ಅದೇ ವರ್ಷ ಜರ್ಮನಿಯ ಶ್ವೈಗರ್ ತಂತಿಯನ್ನು ಹಲವು ಸುತ್ತು ಸುತ್ತಿ ಆ ಓಲಾಟವನ್ನು ಹಿಗ್ಗಿಸಿದ. ಇಷ್ಟಾದರೂ ಅಳೆಯುತ್ತಿರುವುದು ಏನನ್ನು ಎಂಬುದೇ ಸ್ಪಷ್ಟವಿರಲಿಲ್ಲ. ಬ್ಯಾಟರಿಯ ಒತ್ತಡವನ್ನೋ, ತಂತಿಯ ಹರಿವನ್ನೋ? ಈ ಗೋಜಲನ್ನು ಬಿಡಿಸಿದವನು ಯಾವುದೋ ದೊಡ್ಡ ಅಕಾಡೆಮಿಯ ಪಂಡಿತನಲ್ಲ. ಒಬ್ಬ ಶಾಲಾ ಮೇಷ್ಟರು!

ಗಿಯೋರ್ಗ್ ಸೈಮನ್ ಓಮ್ 1789ರಲ್ಲಿ ಜರ್ಮನಿಯ ಎರ್ಲಾಂಗೆನ್ ಪಟ್ಟಣದಲ್ಲಿ ಹುಟ್ಟಿದ. ತಂದೆ ಬೀಗ ಮಾಡುವ ಕಮ್ಮಾರ. ತಾನೇ ಓದಿ ಗಣಿತ ಕಲಿತು, ಮಕ್ಕಳಿಗೂ ಮನೆಯಲ್ಲಿ ಹೇಳಿಕೊಟ್ಟವನು. ಓಮ್ 1817ರಿಂದ ಕೊಲೋನ್ ನಗರದ ಶಾಲೆಯೊಂದರಲ್ಲಿ ಗಣಿತ ಮತ್ತು ಭೌತಶಾಸ್ತ್ರದ ಉಪಾಧ್ಯಾಯ. ನನ್ನದೇ ಎರಡು ವಿಷಯಗಳು ನೋಡಿ. ಆ ಶಾಲೆಯಲ್ಲಿ ಒಳ್ಳೆಯ ಪ್ರಯೋಗಾಲಯವಿತ್ತು. ಪಾಠವಿಲ್ಲದ ಹೊತ್ತಿನಲ್ಲಿ ಅವನು ಅಲ್ಲಿ ಕೆಲಸ ಮಾಡುತ್ತಿದ್ದ. ಬೇರೆಬೇರೆ ಉದ್ದದ ತಂತಿಗಳನ್ನು ವೋಲ್ಟಾ ಮಾದರಿಯ ಕೋಶಕ್ಕೆ ಜೋಡಿಸಿ, ತಂತಿ ಉದ್ದವಾದಂತೆ ಸೂಜಿಯ ಓಲಾಟ ಎಷ್ಟು ಕುಗ್ಗುತ್ತದೆ ಎಂದು ನೋಡುವುದು ಅವನ ಪ್ರಯೋಗ. 1825ರಲ್ಲಿ ಒಂದು ಸೂತ್ರವನ್ನೂ ಪ್ರಕಟಿಸಿದ. ಅದು ಲಾಗರಿದಮ್ ಸೇರಿದ ಸೂತ್ರ, ಮತ್ತು ಅದು ತಪ್ಪು.

ಏಕೆ ತಪ್ಪಿತು? ಕೋಶಕ್ಕೆ ತಂತಿಯನ್ನು ಜೋಡಿಸಿದ ಮರುಕ್ಷಣದಲ್ಲಿ ಒಂದು ಬಲ, ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಬಲ. ಸುಮ್ಮನೆ ಬಿಟ್ಟರೆ ಮತ್ತೆ ಚೇತರಿಕೆ. ದುಡಿಸಿದಾಗ ಬಗ್ಗುವ, ವಿಶ್ರಮಿಸಿದಾಗ ನೆಟ್ಟಗಾಗುವ ಆ ಕೋಶವನ್ನು ಅಚಲವೆಂದು ಭಾವಿಸಿ ಲೆಕ್ಕ ಹಾಕಿದ್ದರಿಂದ ತಪ್ಪಿತು. ಈ ಸಾಲನ್ನು ಓದುವಾಗ ಕೆರೆಯ ಏರಿಯ ದಿಣ್ಣೆಯಲ್ಲಿ ನಿಂತು ನಿಂತು ಓಡಿದ ಗಾಡಿ ನನ್ನ ಕಣ್ಣಮುಂದೆ ಬಂತು. ಓಮ್ ಮೊದಲ ಸಲ ಎಡವಿದ ಕಲ್ಲಿಗೇ ನಾನೂ ಎಡವಿದ್ದೆ. ಅವನಿಗಾದರೆ ಹೇಳಿಕೊಡಲು ಯಾರೂ ಇರಲಿಲ್ಲ. ನನಗೆ ಆ ನೆಪವಿಲ್ಲ.

ಭೌತಶಾಸ್ತ್ರದ ಪತ್ರಿಕೆಯ ಸಂಪಾದಕನಾಗಿದ್ದ ಪೊಗ್ಗೆಂಡಾರ್ಫ್ ಒಂದು ಸಲಹೆ ಕೊಟ್ಟ: ಕೋಶವನ್ನು ಬಿಡು, ಸೀಬೆಕ್ ಕಂಡುಹಿಡಿದ ಉಷ್ಣ-ವಿದ್ಯುತ್ತನ್ನು ಬಳಸು. ಬಿಸ್ಮತ್ ಮತ್ತು ತಾಮ್ರದ ಎರಡು ಬೆಸುಗೆಗಳಲ್ಲಿ ಒಂದನ್ನು ಕುದಿಯುವ ನೀರಿನಲ್ಲಿಯೂ ಇನ್ನೊಂದನ್ನು ಮಂಜುಗಡ್ಡೆಯಲ್ಲಿಯೂ ಇಟ್ಟರೆ ಸಿಗುವ ಬಲ ಅತಿ ಚಿಕ್ಕದು, ಆದರೆ ಅಲುಗಾಡದ್ದು. ಕುದಿಯುವ ನೀರು ಮತ್ತು ಮಂಜುಗಡ್ಡೆಯ ಉಷ್ಣತೆ ದುಡಿಮೆಯಿಂದ ಬದಲಾಗುವುದಿಲ್ಲವಲ್ಲ. ಓಮ್ ಎಂಟು ತಾಮ್ರದ ತಂತಿಗಳನ್ನು ತೆಗೆದುಕೊಂಡ. ಅತಿ ಗಿಡ್ಡದ್ದು 2 ಅಂಗುಲ, ಅತಿ ಉದ್ದದ್ದು 130 ಅಂಗುಲ. ತಂತಿಯ ಮೇಲೆ ತೂಗುಬಿಟ್ಟ ಕಾಂತದ ಸೂಜಿ ಓಲಿದಾಗ, ಅದನ್ನು ಮತ್ತೆ ಮೊದಲಿನ ಸ್ಥಾನಕ್ಕೆ ತರಲು ತೂಗುಪಟ್ಟಿಯನ್ನು ಎಷ್ಟು ತಿರುಚಬೇಕು ಎಂಬುದೇ ಅವನ ಅಳತೆ. 1826ರಲ್ಲಿ ಬಂದ ಉತ್ತರ ಸರಳ: ಮೂಲದ ಬಲವನ್ನು ಎರಡು ಸಂಖ್ಯೆಗಳ ಮೊತ್ತದಿಂದ ಭಾಗಿಸಿದರೆ ಹರಿವು ಸಿಗುತ್ತದೆ. ಆ ಎರಡರಲ್ಲಿ ಒಂದು, ಹೊರಗೆ ಜೋಡಿಸಿದ ತಂತಿಯದು. ಇನ್ನೊಂದು, ತಂತಿಯನ್ನು ಬಿಟ್ಟು ಮಂಡಲದ ಉಳಿದ ಭಾಗದ್ದು. ಬ್ಯಾಟರಿ ಇದ್ದರೆ, ಬ್ಯಾಟರಿಯ ಹೊಟ್ಟೆಯೊಳಗಿನದು.

ನಾವೆಲ್ಲ ಪರೀಕ್ಷೆಗೆ ಕಂಠಪಾಠ ಮಾಡಿದ ಓಮನ ನಿಯಮದಲ್ಲಿ ಸಾಮಾನ್ಯವಾಗಿ ಈ ಎರಡನೆಯ ಸಂಖ್ಯೆ ಬಿಟ್ಟುಹೋಗಿರುತ್ತದೆ. ಆದರೆ ಅವನ ಮೂಲ ಸೂತ್ರದಲ್ಲಿ ಅದು ಮೊದಲಿನಿಂದಲೂ ಇತ್ತು. ಬ್ಯಾಟರಿ ಹಳೆಯದಾಗುವುದೆಂದರೆ ಮುಖ್ಯವಾಗಿ ಎರಡು ಸಂಗತಿ: ಅದು ಹಿಡಿದಿಟ್ಟುಕೊಳ್ಳುವ ಮೊತ್ತ ಕುಗ್ಗುತ್ತದೆ, ಅದರ ಆಂತರಿಕ ರೋಧ ಬೆಳೆಯುತ್ತದೆ. ವಿಶ್ರಮಿಸುತ್ತಿರುವ ಬ್ಯಾಟರಿಗೆ ಮೀಟರ್ ಹಿಡಿದರೆ ಇವೆರಡೂ ಕಾಣುವುದಿಲ್ಲ. ನನ್ನ ಮೀಟರಿನ ಒಳಗಿನ ರೋಧ ಹತ್ತು ಲಕ್ಷ ಓಮ್. 12.7 ವೋಲ್ಟಿನ ಬ್ಯಾಟರಿಯಿಂದ ಅದು ಎಳೆದುಕೊಳ್ಳುವ ಪ್ರವಾಹ ಒಂದು ಆಂಪಿಯರಿನ ಹತ್ತು ಲಕ್ಷ ಭಾಗಗಳಲ್ಲಿ ಹದಿಮೂರು ಭಾಗ ಮಾತ್ರ. ಗಾಡಿಯ 250 ವ್ಯಾಟಿನ ಮೋಟಾರು ಎಳೆಯುವುದು ಐದು ಆಂಪಿಯರ್, ದಿಣ್ಣೆಯಲ್ಲಿ ಇನ್ನೂ ಹೆಚ್ಚು. ನಾನು ನೋಡಿದ್ದು ಮಲಗಿರುವ ಎತ್ತನ್ನು. ಹೇಳಿದ್ದು ನೊಗ ಎಳೆಯುವ ಶಕ್ತಿಯ ಬಗೆಗೆ. ರೇಡಿಯೋ ರಿಪೇರಿಯವರ ಒದ್ದೆ ನಾಲಿಗೆ ಬ್ಯಾಟರಿಯಿಂದ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಪ್ರವಾಹವನ್ನು ಎಳೆಯುತ್ತಿತ್ತು, ಅಂದರೆ ತುಸುವಾದರೂ ದುಡಿಸಿ ನೋಡುತ್ತಿತ್ತು. ಅದು ಮೇಲು ಎಂದೆನಲ್ಲ, ಈ ಕಾರಣಕ್ಕೆ.

ಓಮನ ಕಥೆಯನ್ನು ಅಷ್ಟಕ್ಕೇ ಬಿಡಲು ಮನಸ್ಸಿಲ್ಲ. 1827ರಲ್ಲಿ ಅವನ ಪುಸ್ತಕ ಬರ್ಲಿನ್ನಿನಲ್ಲಿ ಅಚ್ಚಾಯಿತು. ವಿದ್ವಾಂಸರು ಅದನ್ನು ತಣ್ಣಗೆ ಬರಮಾಡಿಕೊಂಡರು. ಗಣಿತ ಹೆಚ್ಚಾಯಿತು ಎಂದವರುಂಟು. ಮನನೊಂದ ಓಮ್ ಕೊಲೋನಿನ ಕೆಲಸವನ್ನು ಬಿಟ್ಟ. ಆರೇಳು ವರ್ಷ ಬರ್ಲಿನ್ನಿನಲ್ಲಿ ಸಣ್ಣಪುಟ್ಟ ಪಾಠದ ಕೆಲಸಗಳು. 1833ರಲ್ಲಿ ನ್ಯೂರೆಂಬರ್ಗಿನಲ್ಲಿ ಒಂದು ಹುದ್ದೆ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕೋಪ್ಲಿ ಪದಕವನ್ನು ಕೊಟ್ಟ ಮೇಲೆ ಅವನ ನಾಡಿನವರಿಗೂ ಕಣ್ಣು ತೆರೆಯಿತು. ಮ್ಯೂನಿಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಪೀಠ ದೊರೆತದ್ದು 1852ರಲ್ಲಿ. ಎರಡು ವರ್ಷ ಕಳೆಯುವಷ್ಟರಲ್ಲಿ ತೀರಿಕೊಂಡ.

ಇನ್ನು ಬ್ಯಾಟರಿ ಗಾಡಿಗೆ ಬರೋಣ. ಅದು ನಿನ್ನೆ ಮೊನ್ನೆಯ ಸಂಗತಿಯೆಂದು ಹೆಚ್ಚಿನವರ ಭಾವನೆ. ಚಾರ್ಜ್ ಮಾಡಿ ಮತ್ತೆ ಮತ್ತೆ ಬಳಸಬಹುದಾದ ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿಯೇ ಮಾಡಿದ್ದ. 1881ರಲ್ಲಿ ಕಮೀಲ್ ಫೋರ್ ಸೀಸದ ಫಲಕಗಳಿಗೆ ಸೀಸದ ಆಕ್ಸೈಡಿನ ಲೇಪ ಬಳಿದು ಅದರ ಸಾಮರ್ಥ್ಯವನ್ನು ಹೆಚ್ಚಿಸಿದ. 1881 ಒಂದು ವಿಚಿತ್ರ ವರ್ಷ. ಆ ಮಾರ್ಚಿನಲ್ಲಿ ಇಲ್ಲಿ ಮೈಸೂರು ಸಂಸ್ಥಾನವು ಐವತ್ತು ವರ್ಷಗಳ ಬ್ರಿಟಿಷ್ ಆಡಳಿತದ ಬಳಿಕ ಮತ್ತೆ ಒಡೆಯರ ಕೈಸೇರಿತು. ಮರುತಿಂಗಳು ಅಲ್ಲಿ ಪ್ಯಾರಿಸ್ಸಿನ ಬೀದಿಯಲ್ಲಿ ಗುಸ್ತಾವ್ ತ್ರುವೆ ಎಂಬಾತ ಮೂರು ಗಾಲಿಯ ಸೈಕಲ್ಲಿಗೆ ಮೋಟಾರು, ಬ್ಯಾಟರಿ ಕಟ್ಟಿ ಓಡಿಸಿದ. ಅದೇ ಶರತ್ಕಾಲದಲ್ಲಿ ಅದೇ ಪ್ಯಾರಿಸ್ಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನವು ವೋಲ್ಟ್, ಓಮ್, ಆಂಪಿಯರ್ ಎಂಬ ಹೆಸರುಗಳನ್ನು ಜಗತ್ತಿಗೆಲ್ಲ ಒಂದೇ ಎಂದು ಗೊತ್ತುಮಾಡಿತು. ಕೆಲಸ ಬಿಟ್ಟುಹೋಗಿದ್ದ ಶಾಲಾ ಮೇಷ್ಟರ ಹೆಸರು ವೋಲ್ಟಾನ ಪಕ್ಕದಲ್ಲಿ ನಿಂತಿತು.

ಮರುವರ್ಷ, 1882ರಲ್ಲಿ, ಲಂಡನ್ನಿನಲ್ಲಿ ಇನ್ನೊಂದು ವಿದ್ಯುತ್ ತ್ರಿಚಕ್ರ ಓಡಿತು. ಮಾಡಿದವರು ವಿಲಿಯಂ ಆಯರ್ಟನ್ ಮತ್ತು ಜಾನ್ ಪೆರ್ರಿ ಎಂಬ ಇಬ್ಬರು ಅಧ್ಯಾಪಕರು. ಸೀಸದ ಬ್ಯಾಟರಿಯೇ. ನನಗೆ ಕುತೂಹಲವೆನಿಸಿದ್ದು ಬೇರೆ: ಕೈಯಲ್ಲಿ ಹಿಡಿದೊಯ್ಯಬಹುದಾದ, ಅಂಕಿಯನ್ನು ನೇರವಾಗಿ ಓದಬಹುದಾದ ಆಂಪಿಯರ್ ಮೀಟರ್ ಹಾಗೂ ವೋಲ್ಟ್ ಮೀಟರುಗಳನ್ನು ರೂಪಿಸಿದವರಲ್ಲಿಯೂ ಇವರಿಬ್ಬರೇ ಮೊದಲಿಗರು. ಅಲ್ಲಿಯವರೆಗಿನ ಗ್ಯಾಲ್ವನೋಮೀಟರುಗಳು ಪ್ರಯೋಗಾಲಯದ ಮೇಜು ಬಿಟ್ಟು ಕದಲುವಂಥವಲ್ಲ. ಓಡುವ ಗಾಡಿಗೆ ಓಡಾಡುವ ಮೀಟರೇ ಬೇಕು. ಈ ಆಯರ್ಟನ್ನನಿಗೂ ನಮ್ಮ ದೇಶಕ್ಕೂ ನಂಟಿದೆ. ಅವನು 1868ರಲ್ಲಿ ಭಾರತದ ತಂತಿ ಇಲಾಖೆಗೆ ಕೆಲಸಕ್ಕೆ ಬಂದವನು. ನೂರಾರು ಮೈಲಿ ಉದ್ದದ ತಂತಿಯಲ್ಲಿ ಎಲ್ಲಿ ದೋಷವಿದೆ ಎಂಬುದನ್ನು ಒಂದು ತುದಿಯಲ್ಲಿ ಕುಳಿತು, ರೋಧವನ್ನು ಅಳೆದು, ಲೆಕ್ಕ ಹಾಕಿ ಹೇಳುವ ವಿಧಾನವನ್ನು ಅವನು ಇಲ್ಲಿ ಬೆಳೆಸಿದ. ಕಂಬ ಕಂಬ ಹತ್ತಿ ನೋಡುವ ಬದಲು ಓಮನ ನಿಯಮದಿಂದ ದೋಷವನ್ನು ಹಿಡಿಯುವುದು! ಆ ಬಳಿಕ ಟೋಕಿಯೋದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳಿದ. ಪೆರ್ರಿ ಜೊತೆಯಾದದ್ದು ಅಲ್ಲಿ.

ಮುಂದಿನದನ್ನು ಬೇಗ ಹೇಳುತ್ತೇನೆ. 1882ರಲ್ಲಿ ಫ್ರಾನ್ಸಿನ ದಾರ್ಸೋನ್ವಾಲ್ ಕಾಂತದ ನಡುವೆ ತಿರುಗುವ ಸುರುಳಿಯ ಗ್ಯಾಲ್ವನೋಮೀಟರನ್ನು ಮಾಡಿದ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದ ಎಡ್ವರ್ಡ್ ವೆಸ್ಟನ್, ಶಕ್ತಿ ಕುಂದದ ಕಾಂತವನ್ನು ಅದಕ್ಕೆ ಒದಗಿಸಿ, 1888ರ ಹೊತ್ತಿಗೆ ನಂಬಿಕೆಯ ವೋಲ್ಟ್ ಮೀಟರನ್ನು ಮಾರಾಟಕ್ಕೆ ತಂದ. ನಮ್ಮ ಶಾಲೆಯ ಬೀರುವಿನಲ್ಲಿದ್ದ, ನಿಮ್ಮಲ್ಲಿ ಹಲವರು ಹಿಂದು ಮುಂದಾಗಿ ಜೋಡಿಸಿ ಸೂಜಿ ಬಗ್ಗಿಸಿದ ಮೀಟರುಗಳು ಈ ವಂಶದವೇ. 1923ರಲ್ಲಿ ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮೆಕಾಡೀ ಎಂಬವರ ಕಲ್ಪನೆಯಿಂದ, ಆಂಪಿಯರ್, ವೋಲ್ಟ್, ಓಮ್ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಅಳೆಯುವ 'ಆವೋ' ಮೀಟರ್ ಬಂತು. 1950ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಆಂಡ್ರ್ಯೂ ಕೇ ಸೂಜಿಯ ಬದಲು ಅಂಕಿಗಳನ್ನೇ ತೋರಿಸುವ ವೋಲ್ಟ್ ಮೀಟರನ್ನು ಮಾಡಿದರು. ಪೆಟ್ಟಿಗೆಯ ಗಾತ್ರದ, ದುಬಾರಿ ಯಂತ್ರ ಅದು. 1970ರ ದಶಕದ ಕೊನೆಯಲ್ಲಿ ಇಂಟರ್ಸಿಲ್ ಕಂಪನಿಯ 7106 ಎಂಬ ಚಿಪ್ಪು ಆ ಕೆಲಸವನ್ನೆಲ್ಲ ಉಗುರಿನಷ್ಟಗಲದಲ್ಲಿ ಮಾಡತೊಡಗಿತು. ಅಗ್ಗದ ಮೀಟರುಗಳ ಬೆನ್ನು ಬಿಚ್ಚಿದರೆ ಕರಿಯ ಮೇಣದ ಉಂಡೆಯಂತಹುದು ಕಾಣುತ್ತದೆಯಲ್ಲ, ಅದರ ಕೆಳಗೆ ಸಾಮಾನ್ಯವಾಗಿ ಅಡಗಿರುವುದು ಆ ಚಿಪ್ಪಿನ ವಂಶಜನೇ.

ಬೆಂಗಳೂರಿನಲ್ಲಿ ಸಿದ್ಧವಾಗಿ 2001ರಲ್ಲಿ ರಸ್ತೆಗಿಳಿದ ರೇವಾ ಎಂಬ ಪುಟ್ಟ ಕಾರು ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ಅದರ ಬ್ಯಾಟರಿಯೂ 48 ವೋಲ್ಟಿನದೇ. ತಲಾ 6 ವೋಲ್ಟಿನ ಎಂಟು ಸೀಸದ ಬ್ಯಾಟರಿಗಳು. ಸರಣಿಯಲ್ಲಿ ಒಂದು ಸೋತರೆ ಉಳಿದವು ಸೋತಂತೆಯೇ ಎಂಬ ನಿಯಮ ಅಲ್ಲಿಯೂ ಇಲ್ಲಿಯೂ ಒಂದೇ.

ಮಾರನೆಯ ಬೆಳಿಗ್ಗೆ ಅವನನ್ನು ಕರೆಸಿದೆ. ಕಾರು ರಿಪೇರಿಯವರಲ್ಲಿ 12 ವೋಲ್ಟ್, 55 ವ್ಯಾಟಿನ ಹಳೆಯ ಹೆಡ್‌ಲೈಟ್ ಬಲ್ಬೊಂದನ್ನು ಕೇಳಿ ತಂದಿದ್ದೆ. ಅದು ಎಳೆಯುವುದು ನಾಲ್ಕೂವರೆ ಆಂಪಿಯರ್, ಹೆಚ್ಚುಕಡಿಮೆ ಗಾಡಿಯ ಮೋಟಾರಿನಷ್ಟೇ. ಬ್ಯಾಟರಿಗಳ ನಡುವಿನ ಜೋಡಣೆ ಕಳಚಿ, ಒಂದೊಂದಕ್ಕೂ ಬಲ್ಬನ್ನು ಕಟ್ಟಿ, ಉರಿಯುತ್ತಿರುವಾಗಲೇ ಮೀಟರ್ ಹಿಡಿದು ಹತ್ತು ನಿಮಿಷ ಕಾದೆವು. ಗಡಿಯಾರ ನೋಡುವುದು ನಾನು, ಹಳೆಯ ನೋಟ್‌ಪುಸ್ತಕದ ಹಾಳೆಯಲ್ಲಿ ಬರೆದುಕೊಳ್ಳುವುದು ಅವನು. ಮೊದಲನೆಯದು ಹತ್ತು ನಿಮಿಷದ ಕೊನೆಗೆ 12.24. ಎರಡನೆಯದು 12.21. ಮೂರನೆಯದು ಮೊದಲ ನಿಮಿಷದಲ್ಲಿಯೇ 11.42ಕ್ಕೆ ಇಳಿಯಿತು, ಐದನೆಯ ನಿಮಿಷದಲ್ಲಿ 10.9, ಹತ್ತಾಗುವಷ್ಟರಲ್ಲಿ 10.2. ಬಲ್ಬಿನ ಬೆಳಕು ಕೆಂಪಗಾದದ್ದು ಕಣ್ಣಿಗೇ ಕಾಣುತ್ತಿತ್ತು. ನಾಲ್ಕನೆಯದು 12.26.

"ಮೂರನೆಯದು ಸಾರ್" ಎಂದ. ಎಂಟನೆಯ ತರಗತಿಯ ಹುಡುಗನ ಮುಖವಾಗಿತ್ತು ಅವನದು.

12 ವೋಲ್ಟಿನ ಸೀಸದ ಬ್ಯಾಟರಿಯ ಒಳಗೆ ಆರು ಕೋಣೆಗಳಿರುತ್ತವೆ; ಒಂದೊಂದರದೂ ಎರಡು ವೋಲ್ಟಿಗಿಂತ ತುಸು ಹೆಚ್ಚು. ಮೂರನೆಯ ಬ್ಯಾಟರಿಯ ಒಂದು ಕೋಣೆ ಕೆಟ್ಟಿರಬೇಕು. ಚಾರ್ಜ್ ಆಗಿ ಮಲಗಿದ್ದಾಗ ಅದೂ ಉಳಿದವುಗಳಂತೆ ತೋರುತ್ತದೆ, ಕೆಲಸಕ್ಕೆ ಎಬ್ಬಿಸಿದಾಗ ಕೈಬಿಡುತ್ತದೆ. ಆಗ ನನಗೆ ಇನ್ನೊಂದು ಹೊಳೆಯಿತು. ಹಿಂದಿನ ಸಲ 12.64 ಬಂದದ್ದು ಮೀಟರಿನ ತಪ್ಪೆಂದು ತಳ್ಳಿಹಾಕಿದ್ದೆನಲ್ಲ, ಆ ತರ್ಕವೂ ಸರಿಯಲ್ಲ. ಒಂದೇ ಮೀಟರ್, ಒಂದೇ ಸ್ಥಾನದಲ್ಲಿ, ಐದು ನಿಮಿಷದ ಅಂತರದಲ್ಲಿ ತಪ್ಪಿದರೆ ನಾಲ್ಕಕ್ಕೂ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ, ಒಂದೇ ಪ್ರಮಾಣದಲ್ಲಿ ತಪ್ಪುತ್ತದೆ. ತಕ್ಕಡಿಯ ಕಲ್ಲು ಕಡಿಮೆ ತೂಕದ್ದಾದರೂ ಯಾವ ಬುಟ್ಟಿ ಭಾರ ಎಂಬುದನ್ನು ಅದು ಸರಿಯಾಗಿಯೇ ಹೇಳೀತು. ಅಗ್ಗದ ಮೀಟರ್ ಅಂದೇ ನನಗೆ ಬೆರಳು ಮಾಡಿ ತೋರಿಸಿತ್ತು. ನಾನು ಅದರ ಬೆಲೆಯನ್ನು ನೋಡಿ ಮಾತನ್ನು ಕೇಳಲಿಲ್ಲ.

ಅಂಗಡಿಯವರು ಹೇಳಿದ್ದು ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. ಹಳೆಯ ಮೂರರ ನಡುವೆ ಹೊಚ್ಚಹೊಸದೊಂದನ್ನು ಸೇರಿಸಿದರೆ ಅವು ಒಂದೇ ಸಮನೆ ತುಂಬುವುದೂ ಇಲ್ಲ, ಖಾಲಿಯಾಗುವುದೂ ಇಲ್ಲ. ಆದ್ದರಿಂದ ನಾಲ್ಕನ್ನೂ ಒಟ್ಟಿಗೆ ಬದಲಿಸುವ ರೂಢಿಗೆ ಕಾರಣವಿದೆ. ಆದರೆ ಅದಕ್ಕೆ ದುಡ್ಡಿರಬೇಕಲ್ಲ. ಹಳೆಯ ಬ್ಯಾಟರಿ ಮಾರುವ ಕಡೆಗೆ ಬಲ್ಬು, ಮೀಟರ್ ಎರಡನ್ನೂ ಅವನೇ ಒಯ್ದ. ಅದೇ ಅಳತೆಯ, ಸುಮಾರು ಅದೇ ವಯಸ್ಸಿನ ಏಳು ಬ್ಯಾಟರಿಗಳನ್ನು ಬಲ್ಬು ಹಚ್ಚಿ ನೋಡಿ, ಹತ್ತು ನಿಮಿಷಕ್ಕೂ 12.2ರಲ್ಲಿ ನಿಂತ ಒಂದನ್ನು ಆರಿಸಿ ತಂದ. ಗಾಡಿ ಈಗ ಮೂವತ್ತರ ಹತ್ತಿರ ಓಡುತ್ತಿದೆ. ಎಷ್ಟು ದಿನವೋ, ಮಗಳ ಶುಲ್ಕವನ್ನಂತೂ ಆ ವರ್ಷ ಕಟ್ಟಿದ.

ಇದನ್ನು ಓದಿ ಯಾರಾದರೂ ಮೀಟರ್ ಕೊಳ್ಳಲು ಹೊರಟರೆ ಒಂದೆರಡು ಮಾತು. ಮೂರು ತೂತುಗಳಲ್ಲಿ '10 ಆಂಪಿಯರ್' ಎಂದಿರುವುದಕ್ಕೆ ಕೆಂಪು ತಂತಿಯನ್ನು ಸಿಕ್ಕಿಸಿ ಬ್ಯಾಟರಿಗೆ ಹಿಡಿಯಲೇಬೇಡಿ. ಆ ದಾರಿಯಲ್ಲಿ ರೋಧವೇ ಇಲ್ಲವೆನ್ನುವಷ್ಟು ಕಡಿಮೆ, ಅಗ್ಗದ ಮೀಟರುಗಳಲ್ಲಿ ಫ್ಯೂಸೂ ಇರುವುದಿಲ್ಲ. ತಂತಿ ಕರಗಿ ಕೈ ಸುಡುತ್ತದೆ. ನಿಮ್ಮ ಮಕ್ಕಳ ಗಾಡಿಗಳಲ್ಲಿರುವುದು ಹೆಚ್ಚಾಗಿ ಲಿಥಿಯಂ ಬ್ಯಾಟರಿ. 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದ, 2019ರಲ್ಲಿ ಗುಡ್‌ಇನಫ್, ವಿಟ್ಟಿಂಗ್‌ಹ್ಯಾಮ್, ಯೊಶಿನೊ ಅವರಿಗೆ ನೊಬೆಲ್ ತಂದುಕೊಟ್ಟ ಜಾತಿ. 48 ವೋಲ್ಟ್ ಎಂದು ಬರೆದಿದ್ದರೂ ಹದಿಮೂರು ಕೋಶಗಳ ಸರಣಿಯಾದರೆ ಪೂರ್ತಿ ತುಂಬಿದಾಗ 54.6 ತೋರಿಸುತ್ತದೆ, ಗಾಬರಿ ಬೇಡ. ಅವುಗಳಲ್ಲಿಯೇ ಕಬ್ಬಿಣದ ಫಾಸ್ಫೇಟ್ ಬಳಸುವ ಇನ್ನೊಂದು ಬಗೆಯಿದೆ. ಅದರ ವೋಲ್ಟೇಜು ಬಹುತೇಕ ಖಾಲಿಯಾಗುವವರೆಗೂ ಹೆಚ್ಚು ಕದಲುವುದಿಲ್ಲವಾದ್ದರಿಂದ ಮೀಟರ್ ನೋಡಿ ಎಷ್ಟು ಉಳಿದಿದೆ ಎನ್ನುವುದು ಕಷ್ಟ. ಲಿಥಿಯಂ ಪೆಟ್ಟಿಗೆಯನ್ನು ಬಿಚ್ಚುವ ಸಾಹಸಕ್ಕಂತೂ ಹೋಗಕೂಡದು. ಹೊರಗಿನ ಎರಡು ತುದಿಗಳಲ್ಲಿ ನೋಡಿದರೆ ಸಾಕು.

ಮೀಟರ್ ಈಗ ಹೆಚ್ಚಾಗಿ ಅವನ ಬಳಿಯೇ ಇರುತ್ತದೆ. ಮಾರುಕಟ್ಟೆಯಲ್ಲಿ ಅವನಂತೆಯೇ ಬ್ಯಾಟರಿ ಗಾಡಿ ಇಟ್ಟುಕೊಂಡಿರುವ ಸೊಪ್ಪಿನವರು, ತೆಂಗಿನಕಾಯಿಯವರು ಬಂದು ತೋರಿಸುತ್ತಾರಂತೆ. ಕಳೆದ ತಿಂಗಳು ಒಂದು ದಿನ ಬಂದು, "ಸಾರ್, ಎಲ್ಲರ ಬ್ಯಾಟರಿಯೂ 13.5, 13.6 ಬರುತ್ತಿದೆ. ಚಾರ್ಜರ್ ಕಳಚಿ ರಾತ್ರಿಯೆಲ್ಲ ಆಗಿದೆ. ಅಷ್ಟು ಹೇಗೆ ಬರುತ್ತದೆ? ಇದರ ಹೊಟ್ಟೆಯೊಳಗಿನ ಬ್ಯಾಟರಿ ಹಾಕಿಸಿ ಎಷ್ಟು ವರ್ಷವಾಯಿತು?" ಎಂದು ಕೇಳಿದ. ನಾನು ಕೊಂಡಾಗಿನಿಂದ ಅದನ್ನು ಬದಲಿಸಿಯೇ ಇರಲಿಲ್ಲ. ಮೀಟರಿನ ಸ್ವಂತ 9 ವೋಲ್ಟಿನ ಬ್ಯಾಟರಿ ಸೊರಗಿದಾಗ, ಅದು ಹೋಲಿಸಿ ನೋಡುವ ಒಳಗಿನ ಮಾನದಂಡವೂ ಕುಗ್ಗುತ್ತದೆ. ಆಗ ಹೊರಗಿನದೆಲ್ಲ ದೊಡ್ಡದಾಗಿ ಕಾಣುತ್ತದೆ. ಇದನ್ನು ನಾನು ಅವನಿಗೆ ಹೇಳಿಕೊಟ್ಟಿರಲಿಲ್ಲ. ಹೊಸ ಬ್ಯಾಟರಿಯನ್ನು ಅವನೇ ಕೊಂಡು ತಂದಿದ್ದ. ಜಗುಲಿಯ ಮೇಲೆ ಕುಳಿತು, ಬೆನ್ನಿನ ತಿರುಪು ಬಿಚ್ಚಿ ಹಾಕಿ, ತನ್ನ ಗಾಡಿಗೆ ಹಿಡಿದು ನೋಡಿದ. 12.68 ಬಂತು.